ಪಾರ್ಕಿಗೆ ಎಷ್ಟು ಮಾರ್ಕ್ಸು?

ಪಾರ್ಕಿನ ಹೊಸ ಬೆಂಚು ಕಾಂಪೌಂಡ್ ಗೋಡೆಗೆ ಮುಖ ಮಾಡಿಕೊಂಡಿದೆ. ಕೂತರೆ ಮೂಗಿನ ಮುಂದೆ ಬರೀ ಸುಣ್ಣ.

"ಧ್ಯಾನಕ್ಕೆ ಹೇಳಿ ಮಾಡಿಸಿದ ಹಾಗಿದೆ," ಅಂದ ಸೀನ.

"ಜನರನ್ನು ಕೇಳಿಯೇ ಹಾಕಿದ್ದಂತೆ," ಅಂದಳು ಗಿರಿಜಾ.

"ಯಾವಾಗ ಕೇಳಿದರು?"

"ಸಿಮೆಂಟು ಒಣಗಿದ ಮೇಲೆ."

ರಾಜು ಓದಿಕೊಂಡವನು, ಸುಮ್ನೆ ಕೂರುವವನಲ್ಲ. "ಜನರ ಮಾತಿಗೆ ಎಷ್ಟು ಬೆಲೆ ಕೊಡ್ತಾರೆ ಅಂತ ಅಳೆಯೋಕೇ ಒಂದು ಏಣಿ ಇದೆ ಕಣ್ರೋ. ಶೆರಿ ಆರ್ನ್‌ಸ್ಟೈನ್ ಅನ್ನೋ ಅಮೆರಿಕದ ಮಹಿಳೆ 1969ರಲ್ಲಿ ಬರೆದದ್ದು. ಒಟ್ಟು 8 ಮೆಟ್ಟಿಲು. ತೀರಾ ಕೆಳಗಿನದು ಜನರಿಗೆ ಟೋಪಿ ಹಾಕೋದು. ತೀರಾ ಮೇಲಿನದು ಅಧಿಕಾರವನ್ನೇ ಜನರ ಕೈಗೆ ಕೊಡೋದು."

"ಮಧ್ಯದಲ್ಲಿ?"

"'ನಿಮ್ಮ ಸಲಹೆಯನ್ನು ಪರಿಶೀಲಿಸಲಾಗುವುದು.'"

ಹಾಗಾದರೆ ಪಾರ್ಕಿಗೆ ನಾವೇ ಮಾರ್ಕ್ಸು ಹಾಕೋಣ ಎಂದು ಹೊರಟೆವು. ಸ್ಕಾಟ್ಲೆಂಡಿನಲ್ಲಿ 2015ರಿಂದ ಇಂಥದ್ದೊಂದು ಕ್ರಮ ಇದೆ. ಓಡಾಟ, ಸುರಕ್ಷತೆ, ಆಟ, ಹಸಿರು ಅಂತ 14 ವಿಷಯಗಳು. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಅಲ್ಲಿಯ ಜನರೇ ಕೂತು ಮಾತಾಡಿ ಕೊಡುತ್ತಾರೆ.

ಪಾರ್ಕಿನ ಗೇಟಿಗೆ ಸೀನ ಧಾರಾಳವಾಗಿ 7 ಕೊಟ್ಟ. ಗಿರಿಜಾಳ ಅಮ್ಮನಿಗೆ ಮಂಡಿನೋವು, ಗೇಟಿನಲ್ಲಿ ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಅವರು ಕೊಟ್ಟದ್ದು 2.

"ಸರಾಸರಿ ನಾಲ್ಕೂವರೆ. ಗೇಟು ಪಾಸು!" ಅಂದ ರಾಜು.

"ಸರಾಸರಿ ತಗೊಂಡು ಹೋಗಿ ಅಮ್ಮನ ಮಂಡಿಗೆ ಹಚ್ಚು," ಅಂದಳು ಗಿರಿಜಾ.

ನನಗೆ ಅವಳ ಮಾತೇ ಸರಿ ಅನ್ನಿಸಿತು. ಕೂಡಿ ಭಾಗಿಸಿದರೆ ಗೇಟಿನ ತೊಂದರೆ ಕಾಣುವುದೇ ಇಲ್ಲ. ಕಡಿಮೆ ಕೊಟ್ಟವರು ಯಾರು, ಯಾಕೆ ಕೊಟ್ಟರು ಅಂತ ಕೇಳಬೇಕು, ಅಲ್ವಾ?

"ಮೀಟಿಂಗ್ ಕರೆದು ಕೇಳಿದರಾಯ್ತು," ಅಂದ ಸೀನ.

"ಮೀಟಿಂಗಿಗೆ ಬರೋದು ಮಾತಾಡೋಕೆ ಬಿಡುವಿರೋರು. ಪಾರ್ಕಿಗೆ ಬರೋದನ್ನೇ ಬಿಟ್ಟವರನ್ನ ಎಲ್ಲಿ ಹುಡುಕ್ತೀಯ?" ಗಿರಿಜಾ ಬಿಡಲಿಲ್ಲ. "1990ರ ದಶಕದಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಎಣಿಸಿ ನೋಡಿದಾಗ, ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿನಿಂದ ಮಾಯವಾಗುತ್ತಿದ್ದರು. ಹುಡುಗರು ಅಲ್ಲೇ ಇದ್ದರು, ಇಡೀ ಮೈದಾನ ಅವರದೇ. ಆಮೇಲೆ ಕೆಲವು ಪಾರ್ಕುಗಳಲ್ಲಿ ದಾರಿ ಬದಲಿಸಿ, ಬೇರೆ ಬೇರೆ ಆಟಕ್ಕೆ ಜಾಗ ಮಾಡಿದರು. ಹುಡುಗಿಯರು ವಾಪಸ್ ಬಂದರು."

ಯಾರೋ ಕೂತು ಎಣಿಸಿದ್ದಕ್ಕೆ ತಾನೇ ಅದು ಗೊತ್ತಾದದ್ದು? ನಾವೂ ಎಣಿಸುವುದು ಅಂತಾಯಿತು. ಯಾರು, ಎಷ್ಟು ಹೊತ್ತಿಗೆ, ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲದೆ ಹೋಗುತ್ತಾರೆ. ಬೆಳಗ್ಗೆ ಮಾತ್ರ ಎಣಿಸಿದರೆ ವಾಕಿಂಗಿನವರೇ ಸಿಗುತ್ತಾರೆ. ಅದಕ್ಕೇ ಪಾಳಿ ಹಂಚಿಕೊಂಡೆವು, ರಜೆಯ ದಿನಕ್ಕೂ ಸೇರಿಸಿ.

"ಮಧ್ಯಾಹ್ನ ಎರಡು ಗಂಟೆದು ನನಗೆ," ಅಂದ ಸೀನ, ಯಾರೂ ಕೇಳುವ ಮುಂಚೆಯೇ.

"ಏನಿಷ್ಟು ಉತ್ಸಾಹ?"

"ಆಗ ಒಬ್ಬರೂ ಬರಲ್ಲ. ಎಣಿಸೋದು ಸಲೀಸು."

"ಯಾಕೆ ಬರಲ್ಲ ಅಂತಾನೂ ಬರ್ಕೊಂಡು ಬಾ," ಅಂದಳು ಗಿರಿಜಾ.

"ಬಿಸಿಲು ಕಣೇ! ಇನ್ನೇನು?"

"ಹಾಗಾದ್ರೆ ಮರ ಎಲ್ಲಿ ನೆಡಬೇಕು ಅಂತಾನೂ ಬರಿ."