ಗ್ಯಾಲರಿಗೆ ಅರ್ಧ ಪಾಲು: ಮೊದಲ ಒಪ್ಪಂದಕ್ಕೆ ಸಹಿ ಹಾಕಬೇಕಾ?

ಹಸಿಬಣ್ಣ:
ಆರ್ಟ್ ಕಾಲೇಜು ಮುಗಿಸಿ ಮೂರು ವರ್ಷ ಆಯ್ತು. ಇಷ್ಟು ದಿನ ಗ್ರೂಪ್ ಶೋಗಳಲ್ಲಿ ಒಂದೋ ಎರಡೋ ಚಿತ್ರ ಇಡುತ್ತಿದ್ದೆ. ಈಗ ನಗರದ ಒಂದು ಗ್ಯಾಲರಿಯವರು ಸ್ಟುಡಿಯೋಗೆ ಬಂದು ನೋಡಿ, ಮುಂದಿನ ವರ್ಷ ಸೋಲೋ ಶೋ ಮಾಡೋಣ ಅಂದಿದ್ದಾರೆ. ಖುಷಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಒಪ್ಪಂದದ ಕರಡು ಬಂತು. ಓದಿ ಗಾಬರಿಯಾಯ್ತು.

ಮಾರಾಟವಾದದ್ದರಲ್ಲಿ ಅರ್ಧ ಅವರಿಗೆ. ಎರಡು ವರ್ಷ ಈ ನಗರದಲ್ಲಿ ಬೇರೆ ಎಲ್ಲೂ ನಾನು ಪ್ರದರ್ಶನ ಮಾಡುವಂತಿಲ್ಲ. ನನ್ನ ಸ್ಟುಡಿಯೋದಿಂದಲೇ ಯಾರಾದರೂ ಕೊಂಡರೂ ಅರ್ಧ ಅವರಿಗೇ. ಫ್ರೇಮಿನ ಖರ್ಚು ನನ್ನದು. ಹಣ ಯಾವಾಗ ಕೊಡುತ್ತಾರೆ ಅನ್ನುವ ಮಾತು ಎಲ್ಲೂ ಇಲ್ಲ. ಹೋದ ಸಲ ಬೇರೊಂದು ಕಡೆ ನನ್ನ ಚಿತ್ರದ ಪಕ್ಕ ‘ಮಾರಾಟವಾಯ್ತು’ ಅನ್ನುವ ಕೆಂಪು ಚುಕ್ಕೆ ಅಂಟಿಸಿದ್ದನ್ನು ಕಣ್ಣಾರೆ ನೋಡಿದ್ದೆ. ದುಡ್ಡು ಕೈಗೆ ಬಂದದ್ದು ಎಂಟು ತಿಂಗಳಾದ ಮೇಲೆ. ಅದಕ್ಕೇ ಭಯ. ನೀವೆಲ್ಲ ಏನು ಹೇಳ್ತೀರಿ?

ಒಂಟಿಕುಂಚ:
ಸಹಿ ಹಾಕಬೇಡಿ. ಬಣ್ಣ ನಿಮ್ಮದು, ಕ್ಯಾನ್ವಾಸ್ ನಿಮ್ಮದು, ಸ್ಟುಡಿಯೋ ಬಾಡಿಗೆ ನಿಮ್ಮದು. ಗೋಡೆ ಕೊಟ್ಟವರಿಗೆ ಅರ್ಧವಾ? ನಾನು ಐದು ವರ್ಷದಿಂದ ಇನ್‌ಸ್ಟಾಗ್ರಾಂನಲ್ಲಿ ತೋರಿಸಿ ನೇರವಾಗಿ ಮಾರುತ್ತಿದ್ದೇನೆ. ದುಡ್ಡು ಬಂದ ಮೇಲೇ ಚಿತ್ರ ಮನೆ ಬಿಡುತ್ತದೆ.

ಕಲಾವಿದರ ಬೆವರಲ್ಲಿ ಬೇರೆಯವರು ಬೆಳೆಯುವುದು ಹೊಸದೇನಲ್ಲ. ಅಮೆರಿಕದ ಕಲಾವಿದ ರಾಬರ್ಟ್ ರಾಶನ್‌ಬರ್ಗ್ 1958ರಲ್ಲಿ ಮಾಡಿದ ಒಂದು ಕೃತಿಯನ್ನು ರಾಬರ್ಟ್ ಸ್ಕಲ್ ಅನ್ನುವವರು 900 ಡಾಲರಿಗೆ ಕೊಂಡಿದ್ದರು. 1973ರ ಹರಾಜಿನಲ್ಲಿ ಅದು 85,000 ಡಾಲರಿಗೆ ಹೋಯಿತು. ಮಾಡಿದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಹರಾಜು ಮುಗಿದ ಮೇಲೆ ರಾಶನ್‌ಬರ್ಗ್ ಎಲ್ಲರೆದುರು ಸ್ಕಲ್ ಅವರನ್ನು ತಳ್ಳಿ ಜಗಳ ಮಾಡಿದರು.

ಗೋಡೆಮೊಳೆ:
ಒಂಟಿಕುಂಚ ಅವರೇ, ಅದು ಕೊಂಡವರು ಮತ್ತೆ ಮಾರಿದ ಕಥೆ. ಗ್ಯಾಲರಿ ಕಮಿಷನ್‌ಗೂ ಅದಕ್ಕೂ ಸಂಬಂಧ ಇಲ್ಲ. ನೀವು ನೇರವಾಗಿ ಮಾರಿದ ಚಿತ್ರಕ್ಕೂ ನಾಳೆ ಹಾಗೇ ಆಗಬಹುದು.

ನಾನು ನಾಲ್ಕು ವರ್ಷ ಒಂದು ಗ್ಯಾಲರಿಯಲ್ಲಿ ಕೆಲಸ ಮಾಡಿದವಳು. ‘ಗೋಡೆ ಕೊಟ್ಟವರು’ ಅಂದಾಗ ಬೇಜಾರಾಗುತ್ತದೆ. ಶೋಗೆ ಮುಂಚಿನ ಎರಡು ದಿನ ನಾವು ಏಣಿಯಿಂದ ಇಳಿಯುತ್ತಿರಲಿಲ್ಲ. ಚಿತ್ರದ ನಡುಮಧ್ಯ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರಬೇಕು. ಒಂದೊಂದಕ್ಕೂ ಅಳತೆ ಹಿಡಿದು ಮೊಳೆ ಹೊಡೆಯಬೇಕು. ವಾರ್ನಿಷ್ ಮೇಲೆ ಬೆಳಕು ಬಿದ್ದು ಕನ್ನಡಿ ಥರ ಹೊಳೆದರೆ ಚಿತ್ರವೇ ಕಾಣಲ್ಲ. ದೀಪವನ್ನು ಒಂಚೂರು ತಿರುಗಿಸಿ, ಇಳಿದು ಬಂದು ನೋಡಿ, ಮತ್ತೆ ಹತ್ತಿ ತಿರುಗಿಸಬೇಕು. ಇದು ಕಣ್ಣಿಗೆ ಕಾಣುವ ಕೆಲಸ. ಕಾಣದ್ದು ಫೋನು. ಹತ್ತು ವರ್ಷದಿಂದ ಪರಿಚಯ ಇರುವ ಕಲೆಕ್ಟರ್‌ಗೆ ‘ಈ ಹುಡುಗಿಯ ಕೆಲಸ ಒಮ್ಮೆ ಬಂದು ನೋಡಿ’ ಅನ್ನುವುದು. ಆ ಮಾತಿಗೆ ತೂಕ ಬರಲು ಹತ್ತು ವರ್ಷ ಬೇಕು. ಮಾರಾಟವೇ ಆಗದ ಶೋಗೂ ಬಾಡಿಗೆ, ಕರೆಂಟು, ಸಂಬಳ ಕಟ್ಟಲೇಬೇಕು. ಹೆಚ್ಚಿನ ಕಡೆ ಅರ್ಧವೇ ರೂಢಿ.

ಪ್ಯಾರಿಸ್ಸಿನಲ್ಲಿ ಗ್ಯಾಲರಿ ನಡೆಸುತ್ತಿದ್ದ ಪಾಲ್ ದ್ಯುರಾನ್-ರುಯೆಲ್ ಅವರನ್ನು ನೆನಪು ಮಾಡಿಕೊಳ್ಳಿ. ಇಂಪ್ರೆಷನಿಸ್ಟರು ಅನ್ನುವ ಹೊಸ ಬಗೆಯ ಚಿತ್ರಕಾರರನ್ನು ಜನ ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಅವರ ಚಿತ್ರ ಕೊಂಡರು, ಕ್ಲೋದ್ ಮೊನೆಗೆ ಮುಂಗಡ ಕೊಟ್ಟರು. ಸಾಲದಲ್ಲಿ ಮುಳುಗುವ ಹಂತಕ್ಕೆ ಬಂದರೂ ಕೈ ಬಿಡಲಿಲ್ಲ. 1886ರಲ್ಲಿ ಆ ಚಿತ್ರಗಳನ್ನು ನ್ಯೂಯಾರ್ಕಿಗೆ ಒಯ್ದು ತೋರಿಸಿದ ಮೇಲೆಯೇ ಅವರ ದಿನ ತಿರುಗಿತು. ಒಳ್ಳೆಯ ಗ್ಯಾಲರಿ ಅಂದರೆ ಅದು.

ಒಂಟಿಕುಂಚ:
ಅಂಥವರು ಸಿಕ್ಕರೆ ನಾನೂ ಅರ್ಧ ಕೊಡುತ್ತೇನೆ. ಎಷ್ಟು ಜನ ಇದ್ದಾರೆ ಹೇಳಿ?

ಇದ್ದಿಲು:
ಈ ಹೊಲದಲ್ಲಿ ಇಪ್ಪತ್ತೈದು ವರ್ಷ ಉತ್ತಿದ್ದೇನೆ. ಹಸಿಬಣ್ಣ ಅವರೇ, ಅರ್ಧ ಜಾಸ್ತಿಯಾ ಕಮ್ಮಿಯಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಾವುದರಲ್ಲಿ ಅರ್ಧ ಅಂತ ಕೇಳಿ. ನಾವು ಏಟು ತಿನ್ನುವುದು ಅಲ್ಲೇ.

ಚಿತ್ರದ ಬೆಲೆ 100 ಅಂತ ಇಟ್ಟುಕೊಳ್ಳಿ. ಹಳೇ ಗಿರಾಕಿ ಅಂತ ಗ್ಯಾಲರಿ 20 ಬಿಡುತ್ತದೆ. ಬಂದದ್ದು 80. ಇಬ್ಬರೂ ಸಮ ಹಂಚಿಕೊಂಡರೆ ನಿಮಗೆ 40. ಆದರೆ ಅವರು ತಮ್ಮ 50 ಪೂರ್ತಿ ತೆಗೆದುಕೊಂಡು ಉಳಿದದ್ದನ್ನು ಕೊಟ್ಟರೆ ನಿಮಗೆ ಬರುವುದು ಬರೀ 30. ಕರಡಿನಲ್ಲಿ ಡಿಸ್ಕೌಂಟಿನ ಮಾತೇ ಇಲ್ಲದಿದ್ದರೆ ಯಾವ ಲೆಕ್ಕ ಹಾಕುತ್ತಾರೋ ಅವರಿಗೇ ಬಿಟ್ಟದ್ದು. ಫ್ರೇಮೂ ಅಷ್ಟೇ. ಫ್ರೇಮಿಗೆ 10 ಆಯ್ತು ಅನ್ನಿ. ಮೊದಲು ಅದನ್ನು ಕಳೆದು ಉಳಿದ 90 ಹಂಚಿಕೊಂಡರೆ ನಿಮಗೆ 45, ಜೊತೆಗೆ ನೀವು ಹಾಕಿದ 10 ವಾಪಸ್ಸು. ಎಲ್ಲ ನಿಮ್ಮ ತಲೆಗೇ ಕಟ್ಟಿದರೆ ಉಳಿಯುವುದು 40. ಕಾಗದದ ಮೇಲೆ ಇದು ಒಂದು ಸಾಲು, ಅಷ್ಟೇ. ಆದರೆ ಹತ್ತು ಚಿತ್ರಕ್ಕೆ ಲೆಕ್ಕ ಹಾಕಿ ನೋಡಿ.

ದುಡ್ಡು ಕೊಡುವ ಗಡುವು ಬರೆಸಿ. ಗಿರಾಕಿಯಿಂದ ಹಣ ಬಂದು 30 ದಿನದೊಳಗೆ ಅಂತ. ಉಳಿದ ಚಿತ್ರ ಯಾವ ತಾರೀಕಿಗೆ ವಾಪಸ್ಸು, ತರುವ ಖರ್ಚು ಯಾರದ್ದು, ಅವರ ಹತ್ತಿರ ಇರುವಾಗ ಹಾಳಾದರೆ ಹೊಣೆ ಯಾರು, ಕೊಂಡವರ ಹೆಸರು ನಿಮಗೆ ಹೇಳುತ್ತಾರಾ. ಈ ಕೊನೆಯದನ್ನು ನಾನು ಬರೆಸಿರಲಿಲ್ಲ. ನನ್ನ ಮೊದಲ ಸೋಲೋದಲ್ಲಿ ಹೋದ ಒಂಬತ್ತು ಚಿತ್ರ ಇವತ್ತು ಯಾರ ಮನೆಯಲ್ಲಿವೆ ಅಂತ ನನಗೆ ಗೊತ್ತಿಲ್ಲ. ಮೂರಕ್ಕೆ ಒಳ್ಳೆಯ ಫೋಟೋ ಕೂಡ ಇಲ್ಲ. ಅವನ್ನು ಮತ್ತೆ ಒಮ್ಮೆ ನೋಡಬೇಕು ಅಂತ ಬಹಳ ಆಸೆ.

ಮರುಮಾರಾಟದ ಬಗ್ಗೆ ಒಂಟಿಕುಂಚ ಹೇಳಿದ ಸಂಕಟ ನಿಜ. ಅದಕ್ಕೆ ಬೇರೆ ದಾರಿಗಳಿವೆ. ಮತ್ತೆ ಮಾರಿದಾಗಲೂ ಕಲಾವಿದರಿಗೆ ಪಾಲು ಅಂತ ಫ್ರಾನ್ಸ್ 1920ರಲ್ಲೇ ಕಾನೂನು ಮಾಡಿತು. 1971ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗಳನ್ನು ಏರ್ಪಡಿಸುತ್ತಿದ್ದ ಸೆತ್ ಸೀಗಲಾಬ್ ಒಬ್ಬ ವಕೀಲರ ಜೊತೆ ಸೇರಿ ಯಾರು ಬೇಕಾದರೂ ಬಳಸುವಂಥ ಒಂದು ಒಪ್ಪಂದ ಬರೆದರು. ಏರಿದ ಬೆಲೆಯಲ್ಲಿ 15% ಕಲಾವಿದರಿಗೆ ಅಂತ ಅದರಲ್ಲಿತ್ತು.

ಕಲ್ಲಚ್ಚು:
ಗ್ಯಾಲರಿ ಅಥವಾ ಇನ್‌ಸ್ಟಾಗ್ರಾಂ, ಎರಡೇ ದಾರಿ ಅನ್ನುವ ಥರ ಮಾತಾಡುತ್ತಿದ್ದೀರಿ. ನಾವು ಏಳು ಜನ ಸೇರಿ ಒಂದು ಹಾಲ್ ನಡೆಸುತ್ತಿದ್ದೇವೆ. ಕಮಿಷನ್ ಇಲ್ಲ, ಬಾಡಿಗೆ ಹಂಚಿಕೊಳ್ಳುತ್ತೇವೆ. 1972ರಲ್ಲಿ ನ್ಯೂಯಾರ್ಕಿನಲ್ಲಿ ಗ್ಯಾಲರಿಗಳು ಹೆಂಗಸರನ್ನು ಸೇರಿಸಿಕೊಳ್ಳದೇ ಇದ್ದಾಗ ಕಲಾವಿದೆಯರೇ ಎ.ಐ.ಆರ್. ಅನ್ನುವ ಸ್ವಂತ ಗ್ಯಾಲರಿ ಕಟ್ಟಿದರು. ಆಮೇಲೆ ದೊಡ್ಡ ಹೆಸರು ಮಾಡಿದ ಕಲಾವಿದ ಡೇಮಿಯನ್ ಹರ್ಸ್ಟ್ 1988ರಲ್ಲಿ ಇನ್ನೂ ವಿದ್ಯಾರ್ಥಿ. ಗೆಳೆಯರನ್ನು ಕಟ್ಟಿಕೊಂಡು ಲಂಡನ್ನಿನ ಹಡಗುಕಟ್ಟೆಯ ಖಾಲಿ ಕಟ್ಟಡದಲ್ಲಿ ಶೋ ಮಾಡಿದರು. ಯಾರಾದರೂ ಕರೆಯಲಿ ಅಂತ ಕಾಯಲಿಲ್ಲ.

ಕಷ್ಟವನ್ನೂ ಹೇಳಿಬಿಡುತ್ತೇನೆ. 1874ರಲ್ಲಿ ಮೊನೆ ಮತ್ತು ಗೆಳೆಯರು ಸ್ವಂತ ಸಂಘ ಕಟ್ಟಿ ಮೊದಲ ಪ್ರದರ್ಶನ ಮಾಡಿದರು. ವರ್ಷ ಮುಗಿಯುವಷ್ಟರಲ್ಲಿ ಲೆಕ್ಕ ನೋಡಿದರೆ ಸಾಲ. ಸಂಘ ಮುಚ್ಚಬೇಕಾಯಿತು. ನಮ್ಮಲ್ಲೂ ಬಾಗಿಲಲ್ಲಿ ಕೂರುವ ಸರದಿ ಬಂದ ವಾರ ಕೆಲಸ ನಿಂತೇ ಹೋಗುತ್ತದೆ. ಹೋದ ಚಳಿಗಾಲ ಸೋರುವ ಚಾವಣಿ ರಿಪೇರಿ ಮಾಡಿಸುವುದರಲ್ಲಿ ಒಂದು ತಿಂಗಳು ಒಂದೇ ಒಂದು ಅಚ್ಚು ತೆಗೆಯಲಿಲ್ಲ. ಆದರೂ ನನಗೆ ಇದೇ ಇಷ್ಟ. ಹೊಸ ಕೆಲಸ ಕೆಟ್ಟದಾಗಿ ಬಂದರೆ ಮುಖಕ್ಕೆ ಹೇಳುವವರು ಆರು ಜನ ಇದ್ದಾರೆ.

ನೋಡುಗ:
ನಾನು ಚಿತ್ರ ಮಾಡುವವನಲ್ಲ, ವರ್ಷಕ್ಕೊಂದು ಕೊಳ್ಳುವವನು. ಒಂದು ಮಾತು. ಒಬ್ಬ ಕಲಾವಿದರ ಚಿತ್ರವನ್ನು ಗ್ಯಾಲರಿಯಲ್ಲಿ ಕೊಂಡೆ. ಮರುವಾರ ಸ್ಟುಡಿಯೋಗೆ ಹೋದರೆ ಅದೇ ಅಳತೆಯದ್ದಕ್ಕೆ ಅರ್ಧ ಬೆಲೆ ಹೇಳಿದರು. ಕಡಿಮೆ ಅಂತ ಖುಷಿಯಾಗಲಿಲ್ಲ, ಮೋಸ ಹೋದ ಹಾಗೆ ಅನ್ನಿಸಿತು. ಮತ್ತೆ ಅವರ ಚಿತ್ರ ಕೊಂಡಿಲ್ಲ. ಎಲ್ಲಿ ಮಾರಿದರೂ ಬೆಲೆ ಒಂದೇ ಇರಲಿ.

ಗೋಡೆಮೊಳೆ:
ಸ್ಟುಡಿಯೋ ಮಾರಾಟದ ಷರತ್ತು ಹುಟ್ಟಿದ್ದೇ ಇದಕ್ಕೆ. ಗ್ಯಾಲರಿಯಲ್ಲಿ ನೋಡಿ, ಹಿಂಬಾಗಿಲಿಂದ ಹೋಗಿ ಕೊಳ್ಳುವವರು ತುಂಬಾ ಜನ.

ಇದ್ದಿಲು:
ಸರಿ, ಆದರೆ ಪೂರ್ತಿ ಅರ್ಧ ಯಾಕೆ? ಹಸಿಬಣ್ಣ ಅವರೇ, ಮೊದಲಿಂದ ನಿಮ್ಮ ಹತ್ತಿರ ಕೊಳ್ಳುತ್ತಿರುವವರ ಪಟ್ಟಿ ಕೊಡಿ. ಅವರು ಕೊಂಡರೆ ಗ್ಯಾಲರಿಗೆ ಪಾಲಿಲ್ಲ. ಶೋ ನೋಡಿ ಬಂದವರಾದರೆ ಪಾಲು ಇರಲಿ, ಅದು ನ್ಯಾಯ.

ಒಂಟಿಕುಂಚ:
ಲೆಕ್ಕದ ಮಾತೆಲ್ಲ ಒಪ್ಪಿದೆ. ಎರಡು ವರ್ಷ ಬೇರೆಲ್ಲೂ ತೋರಿಸುವಂತಿಲ್ಲ ಅನ್ನುವುದನ್ನು ಮಾತ್ರ ಒಪ್ಪಲಾರೆ. ಅವರು ಎರಡು ವರ್ಷದಲ್ಲಿ ಒಂದೇ ಶೋ ಮಾಡಿ ಸುಮ್ನೆ ಕೂತರೆ? ಶುರುವಿನ ಆ ಎರಡು ವರ್ಷ ಮತ್ತೆ ಯಾರು ಕೊಡ್ತಾರೆ?

ಹಸಿಬಣ್ಣ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಹೋಗಿ ಎದುರು ಕೂತು ಮಾತಾಡಿದೆ. ಕೈ ನಡುಗುತ್ತಿತ್ತು. 30 ದಿನದ ಗಡುವಿಗೆ ಕೂಡಲೇ ಒಪ್ಪಿದರು. ಡಿಸ್ಕೌಂಟ್ 10%ಗಿಂತ ಜಾಸ್ತಿ ಆದರೆ ನನ್ನನ್ನು ಕೇಳಬೇಕು, ಅದನ್ನು ಸಮ ಹಂಚಿಕೊಳ್ಳಬೇಕು ಅಂತ ಬರೆದರು. ಹಳೇ ಗಿರಾಕಿಗಳ ಪಟ್ಟಿಯಲ್ಲಿ ಹನ್ನೊಂದು ಹೆಸರು ಕೊಟ್ಟೆ. ಫ್ರೇಮಿನ ಖರ್ಚು ಮಾತ್ರ ನನ್ನದೇ. ಅಲ್ಲಿ ಅವರು ಜಗ್ಗಲಿಲ್ಲ.

ಒಂಟಿಕುಂಚ ಅವರೇ, ಎರಡು ವರ್ಷದ ಮಾತಿಗೆ ನಿಮ್ಮ ಪ್ರಶ್ನೆಯನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ವರ್ಷ ಸಾಕು, ಶೋ ಆದ ಮೇಲೆ ಮತ್ತೆ ನೋಡೋಣ ಅಂದರು. ಸಹಿ ಹಾಕಿದ್ದೇನೆ.

ಇನ್ನೊಂದು ಚಿಕ್ಕ ಪ್ರಶ್ನೆ. ಮೊದಲ ನಾಲ್ಕು ಚಿತ್ರ ಮುಂದಿನ ವಾರ ಕಳಿಸಬೇಕು. ಬಬಲ್ ರ‍್ಯಾಪ್ ಸುತ್ತಿದರೆ ಸಾಕಾ?

ಗೋಡೆಮೊಳೆ:
ಬೇಡ ಬೇಡ! ಬಬಲ್ ರ‍್ಯಾಪ್ ನೇರವಾಗಿ ಬಣ್ಣಕ್ಕೆ ತಾಗಿಸಬೇಡಿ. ಪೂರ್ತಿ ಆರದ ಬಣ್ಣದ ಮೇಲೆ ಗುಂಡುಗುಂಡಗೆ ಗುರುತು ಬೀಳುತ್ತದೆ. ಹಾಗೆ ಹಾಳಾದ ಒಂದು ಆಕಾಶವನ್ನು ನೋಡಿದ್ದೇನೆ, ಏನು ಮಾಡಿದರೂ ಸರಿಹೋಗಲಿಲ್ಲ. ಮೊದಲು ಗ್ಲಾಸೀನ್ ಅನ್ನುವ ನುಣುಪಾದ ತೆಳು ಕಾಗದ, ನಾಲ್ಕು ಮೂಲೆಗೆ ರಟ್ಟು, ಅದರ ಮೇಲೆ ಬಬಲ್ ರ‍್ಯಾಪ್, ಗುಳ್ಳೆ ಇರುವ ಕಡೆ ಹೊರಗೆ. ಅದಕ್ಕೂ ಮುಂಚೆ ನಾಲ್ಕಕ್ಕೂ ಹಗಲು ಬೆಳಕಲ್ಲಿ ಒಳ್ಳೆಯ ಫೋಟೋ ತೆಗೆದಿಡಿ.