ಗ್ರೂಪ್ ಎ, ಗ್ರೂಪ್ ಜಿ: ಗಂಟಲಿನ ಕಲ್ಚರ್ ರಿಪೋರ್ಟ್‌ನಲ್ಲಿರುವ ಅಕ್ಷರ ಏನು ಹೇಳುತ್ತದೆ?

ಪ್ರಶ್ನೆ (ಗೋಣಿಕೊಪ್ಪಲಿನ ಸದಸ್ಯೆ): ನಮಸ್ತೆ ಮೇಡಂ. ಈ ಮಳೆಯಲ್ಲಿ ಮಗಳಿಗೆ ಜ್ವರ, ಗಂಟಲು ನೋವು. ಸ್ವಾಬ್ ಕಲ್ಚರ್ (ಗಂಟಲನ್ನು ಹತ್ತಿಯಿಂದ ಒರೆಸಿ ತೆಗೆದು, ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದ್ವಿ. 'ಬೀಟಾ ಹೀಮೋಲಿಟಿಕ್ ಸ್ಟ್ರೆಪ್ಟೋಕಾಕಸ್, ಗ್ರೂಪ್ ಜಿ' ಅಂತ ಬಂದಿದೆ. ತೋಟದ ಲೈನ್ ಮನೆಯ ಹುಡುಗನಿಗೆ ಗ್ರೂಪ್ ಎ ಅಂತೆ. ಎ, ಬಿ, ಸಿ ಅಂತ ಮುಂದೆ ಹೋದಷ್ಟೂ ಕಾಯಿಲೆ ಜೋರಾಗುತ್ತಾ?

ಉತ್ತರ (ಮೈಕ್ರೋಬಯಾಲಜಿಸ್ಟ್, ಮಡಿಕೇರಿ): ಇಲ್ಲಮ್ಮಾ, ಗಾಬರಿ ಬೇಡ. ಆ ಅಕ್ಷರ ಕಾಯಿಲೆಯ ಜೋರನ್ನು ಹೇಳುವುದಿಲ್ಲ. ಸ್ಟ್ರೆಪ್ಟೋಕಾಕಸ್ ಅನ್ನುವ ಈ ಬ್ಯಾಕ್ಟೀರಿಯಾದ ಗೋಡೆಯಲ್ಲಿ ಯಾವ ಬಗೆಯ ಸಕ್ಕರೆ ಅಂಶ ಇದೆ ಅಂತ ಹೇಳುತ್ತದೆ, ಅಷ್ಟೇ. 1933ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯ ರೆಬೆಕಾ ಲ್ಯಾನ್ಸ್‌ಫೀಲ್ಡ್ ಈ ವಿಂಗಡಣೆ ಪ್ರಕಟಿಸಿದರು. ನಾವು ಇವತ್ತಿಗೂ ಅದನ್ನೇ ಬಳಸುತ್ತೇವೆ.

ಲ್ಯಾಬ್‌ನಲ್ಲಿ ನಡೆಯುವುದು ಹೀಗೆ. ರಕ್ತ ಸೇರಿಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯಲ್ಲಿ ಕೆಲವು ಕಾಲೊನಿಗಳ, ಅಂದರೆ ಬೆಳೆದ ಬ್ಯಾಕ್ಟೀರಿಯಾ ಚುಕ್ಕೆಗಳ ಸುತ್ತ ರಕ್ತ ಕರಗಿ ತಿಳಿಯಾಗಿರುತ್ತದೆ. ಅದೇ ಬೀಟಾ ಹೀಮೋಲಿಸಿಸ್. ಅವನ್ನು ಎತ್ತಿ, ಎನ್‌ಜೈಮ್ ಹಾಕಿ ಆ ಸಕ್ಕರೆಯನ್ನು ಬಿಡಿಸುತ್ತೇವೆ. ಆಮೇಲೆ ಕಾರ್ಡಿನ ಮೇಲೆ ಎ, ಬಿ, ಸಿ, ಡಿ, ಎಫ್, ಜಿ ಅಂತ ಒಂದೊಂದು ಹನಿ ಲೇಟೆಕ್ಸ್ (ಸಣ್ಣ ಕಣಗಳಿರುವ ಹಾಲಿನಂಥ ದ್ರವ). ಒಂದೊಂದರಲ್ಲೂ ಒಂದೊಂದು ಗುಂಪಿನ ಪ್ರತಿಕಾಯ (ಆ ಗುಂಪಿನ ಸಕ್ಕರೆಗೆ ಮಾತ್ರ ಅಂಟಿಕೊಳ್ಳುವ ಪ್ರೋಟೀನ್) ಅಂಟಿಸಿರುತ್ತಾರೆ. ಕಾರ್ಡ್ ಅಲ್ಲಾಡಿಸುತ್ತಾ ಇದ್ದರೆ ಹೊಂದಿಕೆಯಾದ ಹನಿ ಮಾತ್ರ ಒಡೆದ ಹಾಲಿನ ಹಾಗೆ ಕಣಕಣವಾಗುತ್ತದೆ. ನಿಮ್ಮ ಮಗಳದ್ದು ಜಿ ಹನಿಯಲ್ಲಿ ಒಡೆದಿದೆ.

ನಿಜವಾಗಿ ಹುಷಾರಾಗಿರಬೇಕಾದ್ದು ಗ್ರೂಪ್ ಎ ವಿಚಾರದಲ್ಲಿ. ಗಂಟಲಿನ ಸೋಂಕಿಗೆ ಸರಿಯಾಗಿ ಔಷಧಿ ಆಗದಿದ್ದರೆ ಕೆಲವು ಮಕ್ಕಳಿಗೆ ಆಮೇಲೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಕ್ಕೆ ಪೆಟ್ಟು ಬೀಳುತ್ತದೆ. ಆ ಹುಡುಗನ ಮನೆಯವರಿಗೆ ದಯವಿಟ್ಟು ಹೇಳಿ: ಜ್ವರ ಬಿಟ್ಟಿತು ಅಂತ ಔಷಧಿ ನಿಲ್ಲಿಸಬಾರದು. ಪೆನ್ಸಿಲಿನ್ ಮಾತ್ರೆ ಬರೆದಿದ್ದರೆ ಸಾಮಾನ್ಯವಾಗಿ 10 ದಿನದ ಕೋರ್ಸ್. ಪೂರ್ತಿ ಮುಗಿಸಲೇಬೇಕು. ಕೂಲಿ ಕೆಲಸದ ನಡುವೆ ಇದು ತಪ್ಪಿಹೋಗುವುದೇ ಜಾಸ್ತಿ, ನನಗೆ ಅದೇ ಚಿಂತೆ. ಗ್ರೂಪ್ ಜಿಗೂ ಪೆನ್ಸಿಲಿನ್ ಕೆಲಸ ಮಾಡುತ್ತದೆ. ಕೊಡಬೇಕೋ ಬೇಡವೋ ಅನ್ನುವುದನ್ನು ಮಗಳನ್ನು ನೋಡಿದ ಡಾಕ್ಟರ್ ಹೇಳಲಿ.

ಪ್ರಶ್ನೆ (ಸೋಮವಾರಪೇಟೆಯ ಸದಸ್ಯ): ಹಾಗಾದರೆ ನ್ಯುಮೋನಿಯಾ ತರುವ ಸ್ಟ್ರೆಪ್ಟೋಕಾಕಸ್ ಯಾವ ಗ್ರೂಪು ಮೇಡಂ? ಇನ್ನೊಂದು, ನಮ್ಮ ಹಸುವಿನ ಕೆಚ್ಚಲು ಬಾವಿಗೆ ಗ್ರೂಪ್ ಬಿ ಕಾರಣ ಅಂತ ರಿಪೋರ್ಟ್ ಬಂದಿದೆ. ನನ್ನ ತಂಗಿ ಗರ್ಭಿಣಿ. ಅವಳ ಟೆಸ್ಟಿನಲ್ಲೂ ಗ್ರೂಪ್ ಬಿ! ಹಸುವಿನಿಂದ ಬಂತಾ?

ಉತ್ತರ: ನೀವು ಕೇಳಿದ ನ್ಯುಮೋನಿಯಾ ತರುವ ಸ್ಟ್ರೆಪ್ಟೋಕಾಕಸ್‌ಗೆ, ಅಂದರೆ ನ್ಯುಮೋಕಾಕಸ್‌ಗೆ, ಈ ಅಕ್ಷರಗಳಲ್ಲಿ ಜಾಗವಿಲ್ಲ. ಅದನ್ನು ಹೊರಗಿನ ಕವಚದ ಮೇಲೆ ವಿಂಗಡಿಸುತ್ತಾರೆ, 100 ಬಗೆ ದಾಟಿದೆ. ಮಕ್ಕಳಿಗೆ ಹಾಕುವ ಪಿಸಿವಿ (ನ್ಯುಮೋಕಾಕಸ್ ವಿರುದ್ಧದ) ಲಸಿಕೆ ಆ ಕವಚಗಳಲ್ಲಿ ಮುಖ್ಯವಾದವಕ್ಕೆ ಮಾಡಿದ್ದು.

ತಂಗಿಯ ವಿಷಯ. ಅಕ್ಷರ ಒಂದೇ ಆದ ಮಾತ್ರಕ್ಕೆ ತಳಿ ಒಂದೇ ಅಲ್ಲ. ಹಸುವಿನಲ್ಲಿ ಸಿಗುವ ತಳಿಗಳೂ ಮನುಷ್ಯರಲ್ಲಿ ಸಿಗುವವೂ ಬಹುಮಟ್ಟಿಗೆ ಬೇರೆ. ಎಷ್ಟೋ ಹೆಂಗಸರ ಮೈಯಲ್ಲಿ ಗ್ರೂಪ್ ಬಿ ಯಾವ ತೊಂದರೆಯೂ ಇಲ್ಲದೆ ಇರುತ್ತದೆ. ಮುಖ್ಯವಾದ ಅಪಾಯ ಇರುವುದು ಹೆರಿಗೆ ಹೊತ್ತಿನಲ್ಲಿ ಮಗುವಿಗೆ ದಾಟಿದರೆ. ಹಾಗಾಗಿ ಆ ರಿಪೋರ್ಟ್ ತಾಯಿ ಕಾರ್ಡಿನ ಜೊತೆಗೇ ಇರಲಿ. ಹೆರಿಗೆ ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಹೋಗಿ, ಮೊದಲು ಅದನ್ನೇ ತೋರಿಸಲಿ. ಆಗ ಆಂಟಿಬಯಾಟಿಕ್ ಡ್ರಿಪ್ ಕೊಡಬಹುದು. ಹಸುವಿಗೆ ಪಶುವೈದ್ಯರು ಹೇಳಿದ ಔಷಧಿ ಹಾಕಿ. ವಾಸಿಯಾಗುವ ತನಕ ಅದನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ, ಇಲ್ಲದಿದ್ದರೆ ಕೈಯಿಂದಲೇ ಬೇರೆ ಹಸುಗಳಿಗೆ ಹರಡುತ್ತದೆ.