ಅಪ್‌ಡೇಟ್: ಜರ್ಮನಿಯ ವಾಸದ ಕಾರ್ಡ್ ಕೊನೆಗೂ ಕೈಸೇರಿತು

ಪೋರ್ಚುಗಲ್ ಪೌರತ್ವವಿರುವ ನನ್ನ ಪತಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಭಾರತದ ಪಾಸ್‌ಪೋರ್ಟ್ ಹೊಂದಿರುವ ನನ್ನಿಂದ ಅಲ್ಲಿನ ಕಚೇರಿಯೊಂದು ಜರ್ಮನ್ ಭಾಷಾ ಪರೀಕ್ಷೆಯ ಪ್ರಮಾಣಪತ್ರ ಕೇಳುತ್ತಿರುವುದು ಸರಿಯೇ ಎಂದು ಹಿಂದೆ ಕೇಳಿದ್ದೆ. ಸರಿಯಲ್ಲ ಎಂದು ತಾವು ತಿಳಿಸಿದ್ದು ನಿಜವಾಯಿತು. ಇನ್ನೊಂದು ಸದಸ್ಯ ರಾಷ್ಟ್ರಕ್ಕೆ ದುಡಿಯಲು ಹೋದ ಐರೋಪ್ಯ ಒಕ್ಕೂಟದ ಪ್ರಜೆಯ ಪತಿ ಅಥವಾ ಪತ್ನಿಯ ಹಕ್ಕು 2004ರ 38ನೆಯ ನಿರ್ದೇಶನದಿಂದ (ಸದಸ್ಯ ರಾಷ್ಟ್ರಗಳೆಲ್ಲ ಪಾಲಿಸಬೇಕಾದ ಒಕ್ಕೂಟದ ಕಾನೂನು) ಬರುವಂಥದ್ದು. ಪಾಸ್‌ಪೋರ್ಟ್, ವಿವಾಹದ ದಾಖಲೆ ಹಾಗೂ ಪತಿ ಅಲ್ಲಿ ನೆಲೆಸಿರುವುದಕ್ಕೆ ಪುರಾವೆ ಒದಗಿಸಿದ ಸಂಗಾತಿಯಿಂದ ಭಾಷಾ ಪ್ರಮಾಣಪತ್ರ ಕೇಳಲು ಅದರಲ್ಲಿ ಅವಕಾಶವಿಲ್ಲ.

ವಾಸದ ಕಾರ್ಡ್ ನೀಡುವ ಕುರಿತಾದ ಅದರ 10ನೆಯ ವಿಧಿಯನ್ನು ಉಲ್ಲೇಖಿಸಿ ಪತ್ರ ಬರೆದ ಮೇಲೆ, ಅದುವರೆಗೆ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದ ನನ್ನ ಅರ್ಜಿಗೆ ಸ್ವೀಕೃತಿ ಪತ್ರ ದೊರೆಯಿತು. ಕಾರ್ಡು ಆರು ತಿಂಗಳ ಗಡುವಿನೊಳಗೆ, ನಾಲ್ಕನೆಯ ತಿಂಗಳಲ್ಲಿ ಬಂತು. ಅವಧಿ ಐದು ವರ್ಷ; ಉದ್ಯೋಗಕ್ಕೆ ಪ್ರತ್ಯೇಕ ಪರವಾನಗಿ ಬೇಕಿಲ್ಲ.

ವಿಚಿತ್ರವೆಂದರೆ, ಪತಿ ಜರ್ಮನಿಯವರೇ ಆಗಿದ್ದು ಎಲ್ಲಿಗೂ ಹೋಗದೆ ಅಲ್ಲೇ ಉಳಿದಿದ್ದರೆ ಈ ನಿರ್ದೇಶನ ನನಗೆ ಅನ್ವಯಿಸುತ್ತಲೇ ಇರಲಿಲ್ಲ. ಬೇರೊಂದು ಸದಸ್ಯ ರಾಷ್ಟ್ರದಲ್ಲಿ ದುಡಿದು ತವರಿಗೆ ಮರಳುವವರ ಸಂಗಾತಿಗಳಿಗೆ ದಾರಿ ತೆರೆದದ್ದು ಐರೋಪ್ಯ ನ್ಯಾಯಾಲಯ ತೀರ್ಪು ನೀಡಿದ 1992ರ ಸುರಿಂದರ್ ಸಿಂಗ್ ಪ್ರಕರಣ. ಅಲ್ಲಿಯೂ ಹಕ್ಕು ಕೇಳಿದವರು ಬ್ರಿಟಿಷ್ ಪ್ರಜೆಯನ್ನು ವರಿಸಿದ್ದ ಒಬ್ಬ ಭಾರತೀಯರೇ.